ಕೆಮ್ಮು ಎಷ್ಟು ದಿನದಿಂದ?

ನಮ್ಮ ಡಾಕ್ಟರಮ್ಮ ನಿವೃತ್ತರಾಗಿ ತಮ್ಮ ಊರಿಗೆ ಹೋದ ಮೇಲೆ ಶಿಕಾರಿಪುರದ ಜನ ನೆಮ್ಮದಿಯಾಗಿ ಕೆಮ್ಮುತ್ತಿದ್ದಾರೆ. ಅವರಿದ್ದಾಗ ಈ ಸುಖ ಯಾರಿಗೂ ಇರಲಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಸಾರು ನೆತ್ತಿಗೇರಿ ಯಾರಾದರೂ ಕೆಮ್ಮಿದರೆ ಎದುರು ಸಾಲಿನಿಂದ ಒಂದು ದನಿ ಬರುತ್ತಿತ್ತು: "ಯಜಮಾನ್ರ, ಕೆಮ್ಮು ಎಷ್ಟು ದಿನದಿಂದ?" ಈಗಷ್ಟೇ ಬಂತು ಮೇಡಂ, ಸಾರು ಖಾರ ಎಂದರೂ ಬಿಡುತ್ತಿರಲಿಲ್ಲ. ಊಟವಾದ ಮೇಲೆ ಕೈತೊಳೆಯುವ ಜಾಗದಲ್ಲಿ ಹಿಡಿದು ಇನ್ನೊಮ್ಮೆ ಕೇಳುತ್ತಿದ್ದರು. ಒಮ್ಮೆ ಹರಿಕಥೆಗೆ ಬಂದ ದಾಸರು ಗಂಟಲು ಸರಿಮಾಡಿಕೊಳ್ಳಲು ಬಾಯಿ ತೆರೆದವರು, ಮುಂದಿನ ಸಾಲಿನಲ್ಲಿ ಇವರು ಕೂತಿದ್ದನ್ನು ನೋಡಿ ಬಂದ ಕೆಮ್ಮನ್ನು ಹಾಗೇ ನುಂಗಿಕೊಂಡರು. ಕಥೆ ಮುಗಿದು ಮಂಗಳ ಹಾಡುವವರೆಗೂ ಆ ಪುಣ್ಯಾತ್ಮರು ಕೆಮ್ಮಲಿಲ್ಲ.

ನಾನು ಸೊರಬದವನು. ಆರೋಗ್ಯ ಇಲಾಖೆಯಲ್ಲಿ ಕ್ಷಯರೋಗದ ಮೇಲ್ವಿಚಾರಕ. ಅಂದರೆ ಬೈಕಿನ ಮೇಲೆ ಹಳ್ಳಿಗಳನ್ನು ಸುತ್ತಿ ಟಿಬಿ ಮಾತ್ರೆ ನುಂಗಿದ್ದೀರಾ ಎಂದು ಕೇಳಿ ಬರುವವನು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎನ್ನುವ ಹಾಗೆ ನನ್ನ ಕಣ್ಣಿಗೆ ಕೆಮ್ಮುವವರೆಲ್ಲ ಟಿಬಿಯವರೇ ಆಗಿದ್ದರು. ನನಗೆ ಮಾತ್ರವಲ್ಲ, ನಮ್ಮ ಕಡೆಯ ಎಲ್ಲರಿಗೂ ಹಾಗೇ. ಕೆಮ್ಮು ಬಂದರೆ ಸಿರಪ್ಪು, ಸಿರಪ್ಪಿಗೆ ಬಗ್ಗದಿದ್ದರೆ ಸೂಜಿ, ಸೂಜಿಗೂ ಬಗ್ಗದಿದ್ದರೆ ಟಿಬಿ ಇರಬಹುದು ನೋಡೋಣ ಎಂದು ಮಾತ್ರೆ. ಹೀಗೆ ನೋಡುತ್ತ ನೋಡುತ್ತ ತಿಂಗಳುಗಳು ಕಳೆದು, ಎದೆಯೊಳಗೆ ಇದ್ದದ್ದು ಬೇರೆಯೇ ಎಂದು ಗೊತ್ತಾಗುವ ಹೊತ್ತಿಗೆ ಮಾಡುವುದಕ್ಕೆ ಏನೂ ಉಳಿದಿರುತ್ತಿರಲಿಲ್ಲ. ಡಾಕ್ಟರಮ್ಮ ಬಂದ ಮೊದಲ ವಾರವೇ ನನ್ನನ್ನು ಕರೆದು ಹೇಳಿದರು. "ನೋಡೋಣ ಅನ್ನೂ ಮಾತು ಈ ಆಫೀಸಿನಾಗ ಬ್ಯಾಡ್ರಿ. ಕಫದಾಗ ಟಿಬಿ ಸಿಕ್ರ ಮಾತ್ರೆ ಕೊಡ್ರಿ. ಸಿಗದಿದ್ರ ಮುಂದಿಂದು ಹುಡುಕ್ರಿ."

ಅವರು ಹಾವೇರಿ ಕಡೆಯವರು. ಕುಳ್ಳಗೆ, ದುಂಡಗೆ ಇದ್ದರು. ಇಳಕಲ್ ಸೀರೆ ಉಟ್ಟು ಕಾಲಿಗೆ ಬಿಳಿಯ ಓಟದ ಬೂಟು ಹಾಕುತ್ತಿದ್ದರು. ಶಿಕಾರಿಪುರಕ್ಕೆ ತಾಲೂಕು ಆರೋಗ್ಯಾಧಿಕಾರಿಯಾಗಿ ಬಂದವರ ತಲೆಗೆ, ಅಲ್ಲಿ ಹುದ್ದೆ ಖಾಲಿ ಇದೆ ಎಂಬ ಕಾರಣಕ್ಕೆ ಸೊರಬವನ್ನೂ ಕಟ್ಟಿದ್ದರು. ಎರಡು ಸಂಸಾರದ ಗಂಡಸರ ಕಷ್ಟ ಈಗ ಗೊತ್ತಾತು ನೋಡ್ರಿ ಎಂದು ನಗುತ್ತಿದ್ದರು. ಯಾರ ಹೆಸರೂ ನೆನಪಿರುತ್ತಿರಲಿಲ್ಲ, ಆದ್ದರಿಂದ ಎಲ್ಲರೂ ಯಜಮಾನರೇ. ನಮ್ಮ ಜೀಪಿನ ಡ್ರೈವರೂ ಯಜಮಾನರೇ, ಜಿಲ್ಲೆಯಿಂದ ಬರುವ ಸಾಹೇಬರೂ ಯಜಮಾನರೇ. ಮೀಟಿಂಗಿನಲ್ಲಿ ಮೇಜಿನ ಮೇಲೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇಲ್ಲದಿದ್ದರೆ ಅವರ ತಲೆ ಓಡುತ್ತಿರಲಿಲ್ಲ. ಮಾತಿನ ನಡುವೆ ಬಜ್ಜಿ ಕಚ್ಚಿ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರು. ಹೊಸಬರು ಮೇಡಂ ಅಳುತ್ತಿದ್ದಾರೆ ಎಂದು ಗಾಬರಿಯಾಗುತ್ತಿದ್ದರು.

ಯಾವ ಮನೆಗೆ ಹೋದರೂ ಅವರು ನಡುಮನೆಯಲ್ಲಿ ಕೂರುತ್ತಿರಲಿಲ್ಲ. ಹಿತ್ತಿಲಿನಿಂದ ಬಂದು ನೇರ ಅಡುಗೆಮನೆಗೆ ನುಗ್ಗಿ, ಒಲೆಯ ಮೇಲಿನ ಗೋಡೆಗೆ ತೋರುಬೆರಳು ಒರೆಸಿ, ಮಸಿಯಾದ ಬೆರಳನ್ನು ಎತ್ತಿ ಹಿಡಿದುಕೊಂಡೇ ಹೊರಗೆ ಬರುತ್ತಿದ್ದರು. ಮನೆಯ ಗಂಡಸಿನ ಮೂಗಿನ ಮುಂದೆ ಅದನ್ನು ಹಿಡಿದು, "ಇದು ಗೋಡಿ. ದಿನಾ ಅಲ್ಲೇ ಕುಂತಾಕಿ ಎದಿ ಹ್ಯಾಂಗಾಗಿರಬೇಕು, ನೀವೇ ಹೇಳ್ರಿ" ಎನ್ನುತ್ತಿದ್ದರು. ಅದಾದ ಮೇಲೆ ಬೆರಳು ಒರೆಸಿಕೊಳ್ಳಲು ಅವರಿಗೆ ಹತ್ತಿರ ಸಿಗುತ್ತಿದ್ದದ್ದು ನನ್ನ ಅಂಗಿಯ ತೋಳು. ಬಿಳಿ ಅಂಗಿ ಹಾಕುವುದನ್ನು ನಾನು ಬಿಟ್ಟದ್ದು ಅವರ ಕಾಲದಲ್ಲೇ.

ಎರಡು ತಾಲೂಕಿಗೂ ಸೇರಿ ಶ್ವಾಸಕೋಶದ ಕ್ಯಾನ್ಸರ್ ತಡೆಗೆ ಒಂದು ಯೋಜನೆ ಮಾಡಿ ಕಳಿಸಿ ಎಂದು ಮೇಲಿನಿಂದ ಸೂಚನೆ ಬಂದದ್ದು ಆಗಲೇ. ಬೇರೆಯವರಾಗಿದ್ದರೆ ಕಂಪ್ಯೂಟರಿನ ಮುಂದೆ ಕೂತು ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತಿದ್ದರು. ಇವರು ನನ್ನನ್ನೂ ಡ್ರೈವರನ್ನೂ ಕರೆದುಕೊಂಡು ಬೆಳಕು ಹರಿಯುವ ಮೊದಲೇ ಚಂದ್ರಗುತ್ತಿಗೆ ಹೊರಟರು. ದೇವಿಯ ದರ್ಶನಕ್ಕೆ ಎಂದು ನಾನು ಸ್ನಾನ ಮಾಡಿ ಹಣೆಗೆ ಕುಂಕುಮ ಇಟ್ಟುಕೊಂಡು ಬಂದಿದ್ದೆ. ಅವರು ಗುಡಿಗೆ ಕೈಮುಗಿದು ಗುಡ್ಡ ಹತ್ತತೊಡಗಿದರು. ಅರ್ಧಕ್ಕೆ ನನಗೆ ಉಸಿರು ಬರುವುದು ನಿಂತಿತ್ತು. ಡ್ರೈವರು ಒಂದು ಕಲ್ಲಿನ ಮೇಲೆ ಕೂತು, "ಎಂತ ಮಾಡದು ಮಾರಾಯ್ರೆ, ಜೀಪು ಹತ್ತದ ಜಾಗಕ್ಕೆ ನಾನು ಹತ್ತಿ ಎಂತಾಗ್ಬೇಕು" ಎಂದು ಅಲ್ಲೇ ಉಳಿದುಬಿಟ್ಟ.

ಮೇಲೆ ಒಂದು ಬಂಡೆಯ ಮೇಲೆ ಕೂತೆವು. ಕೆಳಗಿನ ಊರುಗಳಲ್ಲಿ ಒಲೆ ಹೊತ್ತುವ ಹೊತ್ತು. ಒಂದೊಂದೇ ಮನೆಯಿಂದ ಹೊಗೆ ಏಳುತ್ತಿತ್ತು. ಡಾಕ್ಟರಮ್ಮ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಂಡಕ್ಕಿ ತಿನ್ನುತ್ತ ಆ ಹೊಗೆಯನ್ನೇ ನೋಡುತ್ತಿದ್ದರು. "ಆ ಮನಿ ನೋಡ್ರಿ, ಹೊಗಿ ಒಂದ ಕಡಿಯಿಂದ ನೆಟ್ಟಗ ಮ್ಯಾಲ ಹೊಂಟೈತಿ. ಅಲ್ಲಿ ಚಿಮಣಿ ಐತಿ. ಈ ಮನಿ ನೋಡ್ರಿ, ಹೆಂಚಿನ ಸಂದಿ ಸಂದಿಯಿಂದ ಸೋರಾಕತ್ತೈತಿ. ಹಂಗ ಸೋರೂ ಹೊಗಿ ಮೊದಲು ಹೆಂಗಸಿನ ಎದಿಯೊಳಗ ಹೋಗಿ ಆಮ್ಯಾಲೆ ಹೊರಗ ಬಂದಿರತೈತಿ." ಗ್ಯಾಸ್ ಸಿಲಿಂಡರು ಎಲ್ಲರ ಮನೆಯಲ್ಲೂ ಇದೆಯಲ್ಲ ಮೇಡಂ ಎಂದೆ. "ಐತ್ರಿ. ಚಾ ಕಾಸೂದಕ್ಕ ಐತಿ. ರೊಟ್ಟಿಗೆ, ಸ್ನಾನದ ನೀರಿಗೆ, ದನದ ಹುರಳಿಗೆ ಕಟ್ಟಿಗೀನ" ಎಂದರು. ಯಾವ ಊರಿಂದ ಕೆಲಸ ಶುರುಮಾಡಬೇಕು ಎಂಬುದು ಆ ಬಂಡೆಯ ಮೇಲೆ ನಿಶ್ಚಯವಾಯಿತು. ಹಾಗೆ ನೋಡಿದರೆ ನಮ್ಮ ಯೋಜನೆಯ ಮೊದಲ ಸಭೆ ನಡೆದದ್ದು ಅಲ್ಲಿಯೇ, ಬಜ್ಜಿಯಿಲ್ಲದೆ.

ಎರಡನೆಯ ಹೊಗೆ ಮಂಡಕ್ಕಿ ಭಟ್ಟಿಗಳದು, ಮೂರನೆಯದು ಬೀಡಿಯದು. ಭಟ್ಟಿಯ ಮಾಲೀಕರ ಹತ್ತಿರ ಹೋದಾಗ ಅವರು ಬಿಸಿ ಬಿಸಿ ಮಂಡಕ್ಕಿ ಚೀಲಕ್ಕೆ ತುಂಬಿ ಕೊಡುತ್ತಿದ್ದರು. ಇವರು ಅದನ್ನು ಬೇಡ ಎನ್ನದೆ ತೆಗೆದುಕೊಂಡು, ಬಾಯಿತುಂಬ ತಿನ್ನುತ್ತಲೇ ಬೈಯುತ್ತಿದ್ದರು. ಬೈಸಿಕೊಂಡವರು ನಗುತ್ತ ಇನ್ನೊಂದು ಹಿಡಿ ಹಾಕುತ್ತಿದ್ದರು. ಚಿಮಣಿ ಮಾತ್ರ ಯಾರೂ ಹಾಕಿಸಲಿಲ್ಲ.

ನಮ್ಮ ಮೊದಲ ಶಿಬಿರ ಸೊರಬದಲ್ಲಿ. ಆಟೋಗೆ ಮೈಕು ಕಟ್ಟಿ ಶ್ವಾಸಕೋಶದ ಕ್ಯಾನ್ಸರ್ ಉಚಿತ ತಪಾಸಣೆ ಎಂದು ಊರೆಲ್ಲ ಕೂಗಿಸಿದೆವು. ಬಂದದ್ದು ಶಾಮಿಯಾನದವನು, ಉಪ್ಪಿಟ್ಟಿನವನು ಮತ್ತು ಯಾರದೋ ಒಂದು ಆಡು. ಕ್ಯಾನ್ಸರ್ ಎಂಬ ಮಾತನ್ನು ನಮ್ಮ ಕಡೆ ಬಾಯಲ್ಲಿ ಆಡುವುದಿಲ್ಲ, ಆ ಕಾಯಿಲೆ ಎನ್ನುತ್ತಾರೆ. ಆ ಶಾಮಿಯಾನದ ಕೆಳಗೆ ಒಬ್ಬನನ್ನು ಕಂಡರೆ ಸಂಜೆಯೊಳಗೆ ಅವನ ಮಗಳ ಸಂಬಂಧ ಮುರಿಯುತ್ತದೆ. ಅಷ್ಟೂ ಉಪ್ಪಿಟ್ಟನ್ನು ನಾವೇ ತಿಂದೆವು. ಎರಡನೆಯ ಸಲ ಹೆಸರು ಬದಲಿಸಿ ಕೆಮ್ಮಿನ ಶಿಬಿರ ಎಂದೆವು. ಶೀತವಾದ ಮಕ್ಕಳನ್ನು ಸೊಂಟದಲ್ಲಿಟ್ಟುಕೊಂಡು ಇಡೀ ಊರಿನ ತಾಯಂದಿರು ಬಂದರು. ಸಂಜೆಯವರೆಗೆ ಮೂಗು ಒರೆಸಿದ್ದೇ ಬಂತು. ಅವತ್ತಿನಿಂದ ಅವರಿಗೆ ಕೆಮ್ಮಿನ ಡಾಕ್ಟರಮ್ಮ ಎಂಬ ಹೆಸರು ಬಿತ್ತು.

ಜನ ಬರದಿರುವುದಕ್ಕೆ ಹೆಸರೊಂದೇ ಕಾರಣವಲ್ಲ ಎಂದು ಅವರು ಬೇಗ ಕಂಡುಕೊಂಡರು. ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಹೋದವರು ವಾಪಸ್ ಬರುತ್ತಿದ್ದದ್ದು ಆಂಬುಲೆನ್ಸಿನಲ್ಲಿ, ಮಲಗಿಕೊಂಡು. ಅವರು ಹೋದದ್ದೇ ಕೊನೆಗಾಲಕ್ಕೆ, ತಪ್ಪು ಆಸ್ಪತ್ರೆಯದಲ್ಲ. ಆದರೆ ಕಣ್ಣಾರೆ ಕಂಡವರಿಗೆ ಆ ಲೆಕ್ಕ ಹೇಗೆ ಹೇಳುವುದು? ಜಿಲ್ಲಾ ಸಭೆಯಲ್ಲಿ ಸಾಹೇಬರು ಪ್ರತಿ ತಾಲೂಕಿನವರನ್ನೂ ನಿಮ್ಮ ಈ ವರ್ಷದ ಗುರಿ ಎಷ್ಟು ಎಂದು ಕೇಳುತ್ತ ಬಂದರು. ಎಲ್ಲರೂ ದೊಡ್ಡ ದೊಡ್ಡ ಸಂಖ್ಯೆ ಹೇಳಿದರು. ಇವರ ಸರದಿ ಬಂದಾಗ, "ಒಬ್ಬರು" ಎಂದರು. ಸಭೆ ನಕ್ಕಿತು. ಪಕ್ಕದಲ್ಲಿ ಕೂತಿದ್ದ ನನಗೆ ಮೇಜಿನ ಕೆಳಗೆ ಸೇರಿಕೊಳ್ಳೋಣ ಅನ್ನಿಸಿತು. "ನಗಬ್ಯಾಡ್ರಿ ಯಜಮಾನ್ರ. ಲಗೂನ ಹೋಗಿ, ಆರಾಮಾಗಿ, ಬಸ್ಸಿನಾಗ ಕುಂತು ವಾಪಸ್ ಬರೂ ಒಬ್ಬ ಮನುಷ್ಯಾ ಬೇಕು ನನಗ. ಆಂವ ಬಸ್‌ಸ್ಟ್ಯಾಂಡಿನಾಗ ಇಳಿದ ಮರುದಿನ ನಿಮ್ಮ ಸಂಖ್ಯಾ ಎಲ್ಲಾ ತಾವ ಬರತಾವ" ಎಂದರು.

ಆ ಒಬ್ಬ ಸಿಕ್ಕಿದ್ದು ಸಂತೆಯಲ್ಲಿ. ಮೂರನೆಯ ಸಲ ನಾವು ಶಿಬಿರ ಎಂಬ ಮಾತನ್ನೇ ಬಿಟ್ಟಿದ್ದೆವು. ಶಿಕಾರಿಪುರದ ಸಂತೆಯ ಅಂಚಿನಲ್ಲಿ ಒಂದು ಮೇಜು ಹಾಕಿ, ಉಸಿರು ಊದಿ ಅಳೆಯುವ ಸಣ್ಣ ಕೊಳವೆಯೊಂದನ್ನು ಇಟ್ಟು, ಪಂದ್ಯ ಎಂದೆವು. ಒಬ್ಬೊಬ್ಬರಿಗೂ ಬಾಯಲ್ಲಿ ಕಚ್ಚುವ ತುದಿಯನ್ನು ಹೊಸದಾಗಿ ಹಾಕಿ ಕೊಡುವುದು, ಜೋರಾಗಿ ಊದಿ ಮುಳ್ಳನ್ನು ಎಲ್ಲರಿಗಿಂತ ಮುಂದೆ ತಳ್ಳಿದವರಿಗೆ ಕೊಬ್ಬರಿ ಸರ. ನಮ್ಮ ಕಡೆ ಹೋರಿ ಹಬ್ಬದಲ್ಲಿ ಹೋರಿಯ ಕೊರಳಿಗೆ ಕಟ್ಟಿ ಓಡಿಸುತ್ತಾರಲ್ಲ, ಅದೇ ಸರ. ಅದನ್ನು ಗೆಲ್ಲುವ ಆಸೆಗೆ ಗಂಡಸರು ಮುಗಿಬಿದ್ದರು. ಇದರಿಂದ ಕ್ಯಾನ್ಸರ್ ಸಿಗುತ್ತದಾ ಮೇಡಂ ಎಂದು ನಾನು ಮೆಲ್ಲಗೆ ಕೇಳಿದೆ. "ಕ್ಯಾನ್ಸರ್ ಸಿಗೂದಿಲ್ಲ. ಮಂದಿ ಸಿಗತಾರ" ಎಂದರು. ಊದಿದವರೆಲ್ಲ ದಣಿವಾರಿಸಿಕೊಳ್ಳಲು ಪಕ್ಕದ ಬೆಂಚಿನ ಮೇಲೆ ಕೂರುತ್ತಿದ್ದರು. ಅಲ್ಲಿ ಇವರು ಕೂತು ತಮ್ಮ ಎಂದಿನ ಪ್ರಶ್ನೆ ಕೇಳುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಹೋರಿಯಜ್ಜ ಬಂದ. ಉಡುತಡಿ ಕಡೆಯ ಒಂದು ಹಳ್ಳಿಯವನು, ಎತ್ತರದ ಆಳು, ಎಪ್ಪತ್ತರ ಹತ್ತಿರ. ಅವನ ಹೋರಿ ಬಿರುಗಾಳಿಯನ್ನು ಯಾವ ಹಬ್ಬದಲ್ಲೂ ಯಾರೂ ಹಿಡಿದಿಲ್ಲ ಎಂದು ಎರಡು ತಾಲೂಕಿಗೂ ಗೊತ್ತು. ಹರೆಯದಲ್ಲಿ ಹೋರಿಯ ಜೊತೆ ಜೊತೆಗೇ ಓಡುತ್ತಿದ್ದನಂತೆ. ಅವನು ಬಂದನೆಂದು ಜನ ದಾರಿ ಬಿಟ್ಟರು. ಅಜ್ಜ ಕಿವಿಯ ಮೇಲಿನ ಬೀಡಿಯನ್ನು ಸರಿಮಾಡಿಕೊಂಡು ಕೊಳವೆ ಕಚ್ಚಿ ಊದಿದ. ಮುಳ್ಳು ಅಲ್ಲಾಡಿತು ಅಷ್ಟೆ. "ಮಿಷಿನ್ ಕೆಟ್ಟೈತೆ" ಎಂದ. ಎರಡನೆಯ ಸಲ ಊದಲು ಹೋಗಿ ಕೆಮ್ಮು ಹತ್ತಿ ಬಗ್ಗಿ ನಿಂತುಬಿಟ್ಟ. ಡಾಕ್ಟರಮ್ಮ ಹತ್ತಿರ ಹೋಗಿ ಬೆನ್ನ ಮೇಲೆ ಕೈಯಿಟ್ಟು, ಬೇರೆ ಯಾರಿಗೂ ಕೇಳದ ಹಾಗೆ ಕೇಳಿದರು. ಅಜ್ಜ ಅಷ್ಟೇ ಮೆಲ್ಲಗೆ ಹೇಳಿದ. "ಶ್ರಾವಣದಿಂದ ಐತೆ ತಾಯಿ."

ಎಕ್ಸ್‌ರೇಯಲ್ಲಿ ಬಲಗಡೆ ಒಂದು ನೆರಳು ಕಂಡಿತು. ಕಫದಲ್ಲಿ ಟಿಬಿ ಇರಲಿಲ್ಲ. ಶಿವಮೊಗ್ಗಕ್ಕೆ ಹೋಗಿ ಸ್ಕ್ಯಾನ್ ಮಾಡಿಸಬೇಕು ಎಂದಾಗ ಅಜ್ಜ ಪಂಚೆ ಕೊಡವಿಕೊಂಡು ಎದ್ದು ಹೋದ. ಮನೆಯವರು ನನ್ನ ಹತ್ತಿರ ಬಂದು ಟಿಬಿ ಮಾತ್ರೆಯನ್ನೇ ಕೊಟ್ಟುಬಿಡಿ ಎಂದು ಕೈಮುಗಿದರು. ಅದಾದರೆ ಊರಲ್ಲಿ ಹೇಳಿಕೊಳ್ಳಬಹುದು, ವಾಸಿಯಾಗುವ ಕಾಯಿಲೆ. ಡಾಕ್ಟರಮ್ಮ ಒಪ್ಪಲಿಲ್ಲ. ಎರಡು ಸಲ ಅವರ ಊರಿಗೆ ಹೋದರು. ಎರಡು ಸಲವೂ ಮನೆಯವರು ಅಜ್ಜ ಗದ್ದೆಯಲ್ಲಿದ್ದಾನೆ ಎಂದರು. ಮೂರನೆಯ ಸಲ ಅವರು ಹೋದದ್ದು ಮಾರ್ನಮಿ ಅಮಾವಾಸ್ಯೆಯ ದಿನ. ಅವತ್ತು ಹಿರಿಯರಿಗೆ ಎಡೆ ಇಡುವ ಹಬ್ಬ, ಮನೆಯ ಯಜಮಾನ ಎಲ್ಲಿಗೂ ಹೋಗುವ ಹಾಗಿಲ್ಲ. ಅಂಥ ದಿನ ಬಾಗಿಲಿಗೆ ಬಂದವರನ್ನು ಊಟ ಮಾಡಿಸದೆ ಕಳಿಸುವ ಹಾಗೂ ಇಲ್ಲ. ಇದನ್ನೆಲ್ಲ ಅವರು ಮೊದಲೇ ಯೋಚಿಸಿದ್ದರು.

ಎಡೆಯಲ್ಲಿ ಸತ್ತವರಿಗೆ ಬದುಕಿದ್ದಾಗ ಏನು ಇಷ್ಟವಿತ್ತೋ ಅದೆಲ್ಲ ಇಡಬೇಕು. ಅಜ್ಜನ ಅಪ್ಪನ ಬಾಳೆಲೆಯ ಮೇಲೆ ಹೋಳಿಗೆ, ಕಡುಬು, ಬದನೆಕಾಯಿ ಪಲ್ಯ, ಪಕ್ಕದಲ್ಲಿ ಒಂದು ಕಟ್ಟು ಬೀಡಿ ಮತ್ತು ಬೆಂಕಿಪೊಟ್ಟಣ. "ನಮ್ಮಪ್ಪಗೆ ಊಟ ಇಲ್ದಿದ್ರೂ ನಡೀತಿತ್ತು, ಬೀಡಿ ಬೇಕಿತ್ತು. ಕೆಮ್ಮಿ ಕೆಮ್ಮಿ ಸತ್ತ. ಕೊನೀಗೂ ಬೀಡಿನೇ ಕೇಳಿದ" ಎಂದು ಅಜ್ಜ ಹೆಮ್ಮೆಯಿಂದಲೇ ಹೇಳಿದ. ಡಾಕ್ಟರಮ್ಮ ಎದ್ದು ಎಡೆಯ ಹತ್ತಿರ ಹೋಗಿ ಕೈಮುಗಿದರು. ಆಮೇಲೆ ಬಗ್ಗಿ ಬೆಂಕಿಪೊಟ್ಟಣವನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಎಡೆಯನ್ನು ಹೊರಗಿನವರು ಮುಟ್ಟುವುದು ಸಣ್ಣ ಮಾತಲ್ಲ. ನಾನು ಬಾಗಿಲ ಕಡೆ ನೋಡಿದೆ, ಓಡುವುದಾದರೆ ಚಪ್ಪಲಿ ಎಲ್ಲಿದೆ ಎಂದು.

"ಬೀಡಿ ಇರ್ಲಿ, ಅವರ ಆಸೆ" ಎಂದರು ಡಾಕ್ಟರಮ್ಮ. "ಬೆಂಕಿಪೊಟ್ಟಣ ಬ್ಯಾಡ."

"ಬೆಂಕಿ ಇಲ್ದೆ ನಮ್ಮಪ್ಪ ಹೆಂಗೆ ಸೇದ್ತಾನೆ?" ಅಜ್ಜನ ದನಿ ಗಡುಸಾಗಿತ್ತು.

"ಅದಕ್ಕ ಬ್ಯಾಡ ಅಂದೆ. ಇಲ್ಲಿ ಕೆಮ್ಮಿದ್ದು ಸಾಲ್ದೇನ್ರಿ? ಅಲ್ಲಿಗೆ ಹೋದ ಮ್ಯಾಲೂ ಕೆಮ್ಮಬೇಕೇನು ಅವರು?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು. "ಆಯಮ್ಮ ಹೇಳೋದು ಸರಿ ಐತೆ. ಮಾವ ರಾತ್ರಿಯೆಲ್ಲ ಕೂತೇ ಇರ್ತಿದ್ದ. ಅಲ್ಲಾದ್ರೂ ಒಂದೀಟು ಮಲಗ್ಲಿ ಬಿಡಿ."

ಊಟವಾಯಿತು. ಡಾಕ್ಟರಮ್ಮ ಹೋಳಿಗೆಯನ್ನು ಕೇಳಿ ಕೇಳಿ ಹಾಕಿಸಿಕೊಂಡರು. ಜಗಲಿಯಲ್ಲಿ ಎಲೆ ಅಡಿಕೆಯ ತಟ್ಟೆ ಬಂದಾಗ ಅಜ್ಜ ತಾನೇ ಮಾತು ತೆಗೆದ. "ನೀವು ಎದಕ್ಕೆ ಬಂದೀರಿ ಅಂತ ನಂಗೊತ್ತು. ಶಿವಮೊಗ್ಗಕ್ಕೆ ಹೋದೋರು ಯಾರೂ ಕೂತ್ಕಂಡು ಬಂದಿಲ್ಲ, ಮಲಿಕ್ಕಂಡೇ ಬಂದಾರೆ. ನಾ ಬರಲ್ಲ."

"ಹೆದರಿಕಿ ಏನ್ರಿ ಯಜಮಾನ್ರ?"

"ನಂಗಾ? ಹೋರಿ ಮುಂದೆ ಓಡಿದೋನು ನಾನು. ಹೆದರಿಕೆ ಇರೋದು ನಿಮಗೆ. ಬಂದಾಗೆಲ್ಲ ನಮ್ಮ ದನದ ಹಟ್ಟಿ ದಾಟೋಕೆ ಜೀಪಿನ ಆ ಕಡೆಯಿಂದ ಸುತ್ತಾಕ್ಕಂಡು ಬರ್ತೀರಿ. ನಾ ಗದ್ದೆಯಿಂದ ನೋಡೀನಿ."

ಅದು ನಿಜ. ಡಾಕ್ಟರಮ್ಮನವರಿಗೆ ದನವೆಂದರೆ ಪ್ರಾಣಭಯ. ರಸ್ತೆಯಲ್ಲಿ ಎಮ್ಮೆ ಮಲಗಿದ್ದರೂ ಡ್ರೈವರು ಇಳಿದು ಅದನ್ನು ಎಬ್ಬಿಸುವವರೆಗೆ ಜೀಪಿನ ಗಾಜು ಏರಿಸಿಕೊಂಡು ಕೂರುತ್ತಿದ್ದರು. ಈಗ ಸಿಕ್ಕಿಬಿದ್ದವರ ಹಾಗೆ ನಕ್ಕು, ಹೌದ್ರಿ, ಭಾಳ ಹೆದರಿಕಿ ಎಂದು ಒಪ್ಪಿಕೊಂಡರು. ಅಜ್ಜನಿಗೆ ಗೆದ್ದ ಹುರುಪು. "ಹಂಗಾರೆ ಒಂದು ಮಾತು. ನೀವು ನಮ್ಮ ಬಿರುಗಾಳಿ ಹಣೆ ಮುಟ್ಟಿ. ನಾನು ನಿಮ್ಮ ಮಿಷಿನ್ನಿನೊಳಗೆ ಹೋಗ್ತೀನಿ." ಇವರು ಖಂಡಿತ ಮುಟ್ಟುವುದಿಲ್ಲ ಎಂಬ ಧೈರ್ಯ ಅವನಿಗೆ.

ಡಾಕ್ಟರಮ್ಮ ಎಲೆ ಅಡಿಕೆ ಉಗಿದು ಎದ್ದರು. ಹಟ್ಟಿಯ ಮುಂದೆ ಅರ್ಧ ಊರು ಸೇರಿತು. ಬಿರುಗಾಳಿ ಗೂಟಕ್ಕೆ ಕಟ್ಟಿಸಿಕೊಂಡು, ಕೊಂಬು ಹೊಳೆಯಿಸುತ್ತ, ಬುಸ್ ಎಂದು ಉಸಿರು ಬಿಡುತ್ತಿತ್ತು. ಇವರು ಕಣ್ಣು ಬಿಗಿಯಾಗಿ ಮುಚ್ಚಿ, ಒಂದು ಕೈಯಲ್ಲಿ ನನ್ನ ತೋಳು ಹಿಡಿದು, ಇನ್ನೊಂದನ್ನು ಮುಂದೆ ಚಾಚಿ, ಬಿಳಿ ಬೂಟನ್ನು ಸಗಣಿಯಲ್ಲಿ ಎಳೆಯುತ್ತ ಹೋದರು. ಕೈಗೆ ಏನೋ ತಗುಲಿತು. ಕಣ್ಣು ತೆರೆಯದೆಯೇ ಕೇಳಿದರು. "ಮುಟ್ಟಿದೆನೇನ್ರಿ?"

"ಅದು ಕಂಬ ಮೇಡಂ" ಎಂದೆ.

ಊರೆಲ್ಲ ನಕ್ಕಿತು, ಅಜ್ಜನೂ ನಕ್ಕ, ನಕ್ಕು ಕೆಮ್ಮಿದ. ಆ ಕೆಮ್ಮು ಕೇಳಿದ್ದೇ ಡಾಕ್ಟರಮ್ಮ ಕಣ್ಣು ತೆರೆದರು. ನನ್ನ ತೋಳು ಬಿಟ್ಟು, ಎರಡು ಹೆಜ್ಜೆ ಮುಂದಿಟ್ಟು, ಆ ಹೋರಿಯ ಹಣೆಯ ಮೇಲೆ ಅಂಗೈಯನ್ನು ಪೂರ್ತಿ ಊರಿದರು. ಹೋರಿ ಸುಮ್ಮನೆ ನಿಂತಿತು. "ಬೆಚ್ಚಗೈತಿ" ಎಂದರು ಆಶ್ಚರ್ಯದಿಂದ. ಇನ್ನೊಂದು ಕೈಯಲ್ಲಿ ಅವರು ಸೆರಗನ್ನು ಹಿಂಡಿ ಹಿಡಿದಿದ್ದನ್ನು ಪಕ್ಕದಲ್ಲಿದ್ದ ನಾನೂ ಅಜ್ಜನೂ ಇಬ್ಬರೂ ಕಂಡೆವು. ಅಜ್ಜ ಹೋರಿಯ ಬೆನ್ನು ತಟ್ಟಿ, "ನಾಳೆ ಬಸ್ಸು ಎಷ್ಟೊತ್ತಿಗೆ?" ಎಂದ.

ಸ್ಕ್ಯಾನ್‌ನಲ್ಲಿ ಕಂಡದ್ದು ಅದೇ ಕಾಯಿಲೆ. ಆದರೆ ಗಂಟು ಸಣ್ಣದು, ಒಂದೇ ಕಡೆ. ತೆಗೆದುಬಿಡಬಹುದು ಎಂದರು ಶಿವಮೊಗ್ಗದ ಡಾಕ್ಟರು. ಆಪರೇಷನ್ ಬೆಂಗಳೂರಿನಲ್ಲಿ ಎಂದು ನಿಶ್ಚಯವಾಯಿತು. ಆ ದಿನಗಳಲ್ಲಿ ಡಾಕ್ಟರಮ್ಮನವರ ಮುಂದೆ ಇಟ್ಟ ಬಜ್ಜಿ ತಣ್ಣಗಾಗುತ್ತಿತ್ತು. ನನಗೂ ಹೆದರಿಕೆ. ಅಜ್ಜನಿಗೆ ಏನಾದರೂ ಆದರೆ ಎರಡು ತಾಲೂಕಿನಲ್ಲಿ ಕೆಮ್ಮುವವರೆಲ್ಲ ಬಾಗಿಲು ಹಾಕಿಕೊಂಡು ಕೂರುತ್ತಾರೆ, ಯೋಜನೆ ಅಲ್ಲಿಗೆ ಮುಗಿಯಿತು. ಅದನ್ನೇ ಅವರ ಮುಂದೆ ಹೇಳಿಬಿಟ್ಟೆ. ಅವರು ಎಂದೂ ಇಲ್ಲದ ಸಿಟ್ಟಿನಿಂದ ನನ್ನ ಕಡೆ ತಿರುಗಿದರು. "ಯೋಜನೆ ಹಾಳಾಗಿ ಹೋಗ್ಲಿ. ಆ ಮುದುಕ ನನ್ನ ಮಾತು ನಂಬಿ ಬಸ್ಸು ಹತ್ಯಾನ್ರಿ. ಆಂವ ಬರಬೇಕು, ಅಷ್ಟ." ಅವರ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆ ಬೈಗುಳದಿಂದ.

ಅಜ್ಜ ಚೇತರಿಸಿಕೊಂಡು ಕೆಲವು ವಾರ ಶಿವಮೊಗ್ಗದಲ್ಲಿ ಮಗಳ ಮನೆಯಲ್ಲಿದ್ದ. ಕರೆತರಲು ಡ್ರೈವರು ಜೀಪು ತೊಳೆದು ನಿಂತ. ಡಾಕ್ಟರಮ್ಮ ಒಪ್ಪಲಿಲ್ಲ. ಬಸ್ಸಿನಲ್ಲೇ ಬರಬೇಕು, ಕಿಟಕಿಯ ಪಕ್ಕವೇ ಕೂರಬೇಕು, ಸಂತೆಯ ದಿನವೇ ಇಳಿಯಬೇಕು. ಅವತ್ತು ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ನಾವು ಕಾದು ನಿಂತೆವು. ಅವರು ಕೈಯಲ್ಲಿ ಒಂದು ಚೀಲ ಹಿಡಿದು ಬರುವ ಬಸ್ಸಿಗೆಲ್ಲ ಎದ್ದು ಎದ್ದು ಕೂರುತ್ತಿದ್ದರು. ಕೊನೆಗೆ ಬಂದ ಬಸ್ಸಿನ ಕಿಟಕಿಯಲ್ಲಿ ಹೊಸ ರುಮಾಲು ಕಂಡಿತು. ಅಜ್ಜ ಸ್ವಲ್ಪ ಬಡಕಲಾಗಿದ್ದ. ಮೆಟ್ಟಿಲಿಳಿದು, ಕಂಬಿ ಹಿಡಿದು ಉಸಿರು ತೆಗೆದುಕೊಂಡು, ನೆಟ್ಟಗೆ ನಿಂತ. ಸಂತೆಯವರು ಸುತ್ತ ಸೇರಿದರು. ಯಾರೋ ಹುಡುಗರು ಹೋರಿ ಹಬ್ಬದಲ್ಲಿ ಕೂಗುವ ಹಾಗೆ ಬಿರುಗಾಳಿ ಬಂತು ಎಂದು ಕೂಗಿ ಸಿಳ್ಳೆ ಹಾಕಿದರು. ಹೆಂಗದಿಯೋ ಎಂದು ಒಬ್ಬ ಗೆಳೆಯ ಕೇಳಿದ. "ಒಂದು ತುಂಡು ತೆಗೆದ್ರು. ಉಳಿದದ್ದು ನಿಮ್ಮನ್ನೆಲ್ಲ ಬೈಯಕೆ ಸಾಕು" ಎಂದ ಅಜ್ಜ.

ಡಾಕ್ಟರಮ್ಮ ಚೀಲದಿಂದ ಒಂದು ಕೊಬ್ಬರಿ ಸರ ತೆಗೆದು ಅವನ ಕೊರಳಿಗೆ ಹಾಕಿದರು. ನಾನೇನು ಹೋರಿನಾ ಎಂದು ಅಜ್ಜ ಗೊಣಗಿದ, ಆದರೆ ಮನೆ ಮುಟ್ಟುವವರೆಗೂ ಸರ ತೆಗೆಯಲಿಲ್ಲ.

ಮರುವಾರದಿಂದ, ಆಸ್ಪತ್ರೆಯಲ್ಲಿ ಕೆಮ್ಮಿನವರಿಗೆಂದೇ ನಾವು ತೆರೆದಿದ್ದ ಕೋಣೆಯ ಮುಂದೆ ತಾವಾಗಿಯೇ ಬಂದವರ ಸಾಲು. ಸೊರಬದಿಂದಲೂ ಬಂದರು. ಡಾಕ್ಟರಮ್ಮ ಸಭೆಯಲ್ಲಿ ಹೇಳಿದ ಮಾತು ನಿಜವಾಯಿತು. ಹಾಗೆಂದು ಎಲ್ಲರೂ ಬಸ್ಸಿನಲ್ಲಿ ವಾಪಸ್ ಬಂದರು ಎಂದರೆ ಸುಳ್ಳಾಗುತ್ತದೆ. ಮಂಡಕ್ಕಿ ಭಟ್ಟಿಯ ಒಬ್ಬ ಹೆಂಗಸು, ಜನ್ಮದಲ್ಲಿ ಬೀಡಿ ಮುಟ್ಟದವಳು, ತಡವಾಗಿ ಬಂದಳು, ಉಳಿಯಲಿಲ್ಲ. ಅವತ್ತು ಡಾಕ್ಟರಮ್ಮ ಭಟ್ಟಿಯ ಮಾಲೀಕನ ಮನೆಗೆ ಹೋದರು, ಬೈಯಲಿಲ್ಲ. ಅವನ ಪಕ್ಕ ಕೂತು ಅತ್ತರು. ಆ ಸಲ ಮೆಣಸಿನಕಾಯಿ ಇರಲಿಲ್ಲ. ಆ ಭಟ್ಟಿಗೆ ಈಗ ಚಿಮಣಿ ಇದೆ, ಪಕ್ಕದವುಗಳಿಗೂ.

ಅವರು ನಿವೃತ್ತರಾದ ದಿನ ಭಾಷಣ ಬೇಡ ಎಂದರು. ಊಟ ಮಾತ್ರ ಚೆನ್ನಾಗಿರಲಿ ಎಂದರು. ಹೋಗುವಾಗ ನನ್ನ ಬಿಳಿ ಅಂಗಿಗೆ ಬೆರಳೊರೆಸಿದರು, ಹಳೆಯ ಅಭ್ಯಾಸ. ಅವತ್ತು ಬೇಕೆಂದೇ ಬಿಳಿ ಅಂಗಿ ಹಾಕಿಕೊಂಡು ಹೋಗಿದ್ದೆ.

ಈ ವರ್ಷ ಮಾರ್ನಮಿ ಅಮಾವಾಸ್ಯೆಗೆ ಹೋರಿಯಜ್ಜ ನನ್ನನ್ನು ಊಟಕ್ಕೆ ಕರೆದಿದ್ದ. ಅಜ್ಜ ಗಟ್ಟಿಯಾಗಿದ್ದಾನೆ, ಮೊದಲಿನಷ್ಟು ಓಡಾಡುವುದಿಲ್ಲ ಅಷ್ಟೆ. ಕಿವಿಯ ಮೇಲೆ ಬೀಡಿ ಇಲ್ಲ. ಮೊಮ್ಮಗನಿಗೆ ಹೊಸದಾಗಿ ಮದುವೆಯಾಗಿದೆ. ದಾವಣಗೆರೆ ಕಡೆಯ ಹುಡುಗಿ, ಎಡೆ ಇಡುವ ಕೆಲಸ ಅವಳದು. ಬಾಳೆಲೆಯ ಪಕ್ಕದಲ್ಲಿ ಒಂದು ಕಟ್ಟು ಬೀಡಿ ಇಟ್ಟಳು. ಬೆಂಕಿಪೊಟ್ಟಣ ಇಡಲಿಲ್ಲ. ಪಕ್ಕದ ಮನೆಗಳಲ್ಲೂ ಹಾಗೇ ಇಟ್ಟಿದ್ದನ್ನು ಬರುವಾಗ ನೋಡಿದ್ದೆ. ಏನೂ ಗೊತ್ತಿಲ್ಲದವನ ಹಾಗೆ, ಬೆಂಕಿಪೊಟ್ಟಣ ಮರೆತೆಯೇನಮ್ಮ ಎಂದೆ.

"ಇಲ್ಲಿ ಇಡಬಾರದಂತ್ರೀ" ಎಂದಳು ಹುಡುಗಿ. "ಇಟ್ರೆ ಹಿರಿಯರಿಗೆ ಕೆಮ್ಮು ಬರುತ್ತಂತೆ. ಮುತ್ತಜ್ಜನ ಕಾಲದಿಂದ ಬಂದ ಪದ್ಧತಿ, ಈ ಊರಲ್ಲಿ ಎಲ್ಲರೂ ಹಿಂಗೇ ಮಾಡ್ತಾರೆ."

ನಾನು ಅಜ್ಜನ ಮುಖ ನೋಡಿದೆ. ಅಜ್ಜ ಸೂರಿನ ತೊಲೆ ನೋಡುತ್ತಿದ್ದ. "ಹೂಂ, ಭಾಳ ಹಳೇ ಪದ್ಧತಿ" ಎಂದ.

ಮನೆಗೆ ಬಂದವನೇ ಡಾಕ್ಟರಮ್ಮನವರಿಗೆ ಫೋನು ಮಾಡಿ ಇದನ್ನು ಹೇಳಿದೆ. ಅವರು ನಗತೊಡಗಿದರು. ಯೋಜನೆ ಪದ್ಧತಿಯಾತು, ನಾ ಮುತ್ತಜ್ಜಿಯಾದೆ ಎಂದು ನಕ್ಕರು. ನಕ್ಕು ನಕ್ಕು ಕೆಮ್ಮು ಬಂತು, ಒಂದು ಸಲ, ಮತ್ತೊಂದು ಸಲ. ಯೋಚಿಸುವ ಮೊದಲೇ ಬಾಯಿಂದ ಮಾತು ಬಿದ್ದುಬಿಟ್ಟಿತು. "ಕೆಮ್ಮು ಎಷ್ಟು ದಿನದಿಂದ ಮೇಡಂ?"

ಆ ಕಡೆ ಲೋಟದಿಂದ ನೀರು ಕುಡಿದ ಸದ್ದು ಕೇಳಿತು.

"ಈಗ ಬಂತ್ರಿ, ನಗಿಗೆ" ಎಂದರು. ದನಿ ಯಾಕೋ ಮೆತ್ತಗಾಗಿತ್ತು. "ಮೂರು ವಾರ ಕಾಯೂಣು. ಹೋಗದಿದ್ರ ನಾನ ಬರತೀನಿ. ಜೀಪು ಕಳಸಬ್ಯಾಡ್ರಿ ಮತ್ತ. ಬಸ್ಸಿನಾಗ ಬರತೀನಿ, ಬಸ್ಸಿನಾಗ ವಾಪಸ್ ಹೋಗತೀನಿ."

ಮೂರು ವಾರ ನಾನು ದಿನವೂ ಫೋನು ಮಾಡಿದೆ. ಕೊನೆಯ ದಿನ ಅವರು ಹಲೋ ಕೂಡ ಅನ್ನಲಿಲ್ಲ. "ಇಲ್ರಿ ಯಜಮಾನ್ರ, ಕೆಮ್ಮಿಲ್ಲ" ಎಂದು ಹೇಳಿ, ಬಾಯಿತುಂಬ ಮಂಡಕ್ಕಿ ತಿನ್ನುತ್ತಲೇ ಫೋನು ಇಟ್ಟರು.